ಏಳನೇ ಹಾಸಿಗೆಯ ಮೇಷ್ಟ್ರು

ಆ ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳಲು ಮೊದಲು ಐದು ಜನರಿದ್ದರು. ಮೂವರು ಹೊರದೇಶದ ಆಸ್ಪತ್ರೆಗಳಿಗೆ ಹೊರಟುಹೋದರು, ಒಬ್ಬರು ನಿವೃತ್ತರಾದರು. ಉಳಿದವರು ದೊಡ್ಡ ಮೇಡಂ ಒಬ್ಬರೇ. ಅತ್ತ ಹೊರಗಡೆ ನರ್ಸುಗಳಿಗೆ ಬರಗಾಲ ಎಂಬ ಸುದ್ದಿ ಮನೆಮನೆಗೂ ಮುಟ್ಟಿ, ಸೇರುವವರು ಇಮ್ಮಡಿಯಾಗಿದ್ದರು. ಎಂಬತ್ತು ಮಕ್ಕಳು, ಕೈ ಪಳಗಿಸಲು ಸಿಕ್ಕಿದ್ದು ಹನ್ನೆರಡು ಹಾಸಿಗೆಯ ಒಂದೇ ವಾರ್ಡು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಒಂದು ಬೆಳಗ್ಗೆ ವಾರ್ಡಿಗೆ ಬಂದ ಮೇಡಂಗೆ ಏಳನೇ ಹಾಸಿಗೆಯಿಂದ ಗದ್ದಲ ಕೇಳಿಸಿತು. ಮಂಡಿ ಆಪರೇಷನ್ ಮಾಡಿಸಿಕೊಂಡಿದ್ದ ನಿವೃತ್ತ ಬಸ್ ಡ್ರೈವರು ತೋಳನ್ನು ಎದೆಗವಚಿಕೊಂಡು ಕೂತಿದ್ದರು. ಎದುರಿಗೆ ಬಿ.ಪಿ. ಪಟ್ಟಿ ಹಿಡಿದ ವಿದ್ಯಾರ್ಥಿನಿ ಗಿಣಿ. ಪುಸ್ತಕವನ್ನೆಲ್ಲ ಗಿಳಿಪಾಠದಂತೆ ಒಪ್ಪಿಸುವಳೆಂದು ಗೆಳತಿಯರೇ ಇಟ್ಟ ಹೆಸರು ಅದು.

"ಬೆಳಗ್ಗೆಯಿಂದ ಇದು ಒಂಬತ್ತನೇ ಸಲ! ಇದೇನು ತೋಳೋ, ಬಸ್ ಸ್ಟ್ಯಾಂಡಿನ ನಲ್ಲಿಯೋ? ಬಂದೋರೆಲ್ಲ ತಿರುಗಿಸಿ ಹೋಗ್ತೀರಲ್ಲ!"

ವಾರ್ಡೆಲ್ಲ ನಕ್ಕಿತು. ಗಿಣಿ ಮುಖ ಸಣ್ಣದು ಮಾಡಿಕೊಂಡಳು. "ಮೇಡಂ, ರೆಕಾರ್ಡಿಗೆ ಇಪ್ಪತ್ತು ರೀಡಿಂಗ್ ಬೇಕು. ಸಂಜೆ ಹೊರದೇಶಕ್ಕೆ ಹೋಗೋ ಭಾಷಾ ಪರೀಕ್ಷೆ ಕ್ಲಾಸು ಬೇರೆ ಇದೆ."

"ಇವರಿಗೆ ಆಪರೇಷನ್ ಆಗಿರೋದು ಯಾವ ಕಾಲಿಗೆ?" ಎಂದರು ಮೇಡಂ.

ಗಿಣಿ ಹೊದಿಕೆಯ ಕಡೆ ನೋಡಿದಳು. ಅದು ಎರಡೂ ಕಾಲನ್ನು ಮುಚ್ಚಿತ್ತು.

ಮೇಡಂ ಅವಳನ್ನು ಹೊರಗೆ ಕಳಿಸಿದರು. ಸಿಟ್ಟು ನೆತ್ತಿಗೇರಿತ್ತು. ಆದರೆ ಇಪ್ಪತ್ತು ರೀಡಿಂಗ್ ಎಂದು ಬರೆದು ಗೋಡೆಗೆ ಅಂಟಿಸಿದವರು ಯಾರು? ತಾವೇ. "ತಪ್ಪು ನಮ್ಮದು ಅಣ್ಣ," ಎಂದರು.

ಡ್ರೈವರು ತಣ್ಣಗಾದರು. "ನಾನೂ ಹೊಸಬರಿಗೆ ಹತ್ತು ವರ್ಷ ಕಲಿಸ್ದೋನೇ ಅಮ್ಮ. ಸ್ಟೀರಿಂಗ್ ಹಿಡಿಯೋದು ಎರಡು ವಾರದಲ್ಲಿ ಬರುತ್ತೆ. ಹಿಂದುಗಡೆ ಜನ ಕೂತಿದ್ದಾರೆ ಅನ್ನೋದು ತಲೆಗೆ ಹತ್ತೋಕೆ ವರ್ಷ ಬೇಕು."

"ಹಾಗಾದ್ರೆ ನಮ್ಮ ಮಕ್ಕಳಿಗೂ ನೀವೇ ಕಲಿಸ್ತೀರಾ?"

ತಮಾಷೆಯಿರಬೇಕೆಂದು ಅವರು ನಕ್ಕರು. ತಮಾಷೆಯಲ್ಲ ಎಂದು ತಿಳಿದ ಮೇಲೆ, ಐದು ವಾರ ಕಳೆದು ಒಂದು ಬುಧವಾರ ಕೋಲೂರಿಕೊಂಡು ಬಂದೇಬಿಟ್ಟರು. ಕಲಿಕೆಯ ಕೋಣೆಯಲ್ಲಿ ಪ್ಲಾಸ್ಟಿಕ್ ಬೊಂಬೆಯನ್ನು ಪಕ್ಕಕ್ಕೆ ಸರಿಸಿ ತಾವೇ ರೋಗಿಯಾಗಿ ಮಂಚದ ಮೇಲೆ ಮಲಗಿದರು. ಒಂದು ಬುಧವಾರ ಕಿವುಡರಂತೆ ನಟಿಸಿದರು, ಮುಂದಿನ ಬುಧವಾರ ಜಗಳಗಂಟರಂತೆ. ಯಾರು, ಯಾಕೆ ಬಂದಿರಿ ಎಂದು ಹೇಳದೆ ಮುಟ್ಟಿದವರಿಗೆ ಒಂದೇ ತೀರ್ಪು: "ಟಿಕೆಟ್ ಇಲ್ಲ, ಕೆಳಗಿಳಿ." ಗಿಣಿ ಎರಡು ವಾರವೂ ಇಳಿದಳು.

ಪ್ರಿನ್ಸಿಪಾಲರು ತಲೆ ಕೆರೆದುಕೊಂಡರು. "ಸಿಲಬಸ್ಸಿನಲ್ಲಿ ಇದಕ್ಕೆ ಅಂಕ ಎಲ್ಲಿದೆ ಮೇಡಂ?"

"ಅಂಕ ಇಲ್ಲ ಸರ್. ಹಾಜರಿ ಹಾಕ್ತಿದ್ದೀನಿ," ಎಂದರು ಮೇಡಂ. ಗೋಡೆಯ ಇಪ್ಪತ್ತನ್ನು ಆರಕ್ಕೆ ಇಳಿಸಿದ್ದನ್ನು ಹೇಳಲಿಲ್ಲ.

ಮೂರನೇ ಬುಧವಾರ ಗಿಣಿ ಬರಿಗೈಯಲ್ಲಿ ಬಂದು ಸ್ಟೂಲಿನ ಮೇಲೆ ಕೂತಳು. "ಚಿಕ್ಕಪ್ಪ, ಕಾಲು ಹೇಗಿದೆ?"

"ಅಯ್ಯೋ, ಮೀನಖಂಡ ಹಿಡ್ಕೊಂಡುಬಿಟ್ಟಿದೆ."

ಹುಡುಗಿಯರು ಕಿಸಕ್ಕೆಂದರು. ಗಿಣಿ ನಗಲಿಲ್ಲ. "ನಾಟಕನಾ, ನಿಜಾನಾ?"

ಡ್ರೈವರು ನಟನೆ ಬಿಟ್ಟು, "ನಿಜಾನೇ ಮಗಳೇ. ನಿನ್ನೆಯಿಂದ," ಎಂದರು.

"ನೋಡ್ಲಾ?" ಎಂದು ಕೇಳಿ, ಎರಡೂ ಕಾಲನ್ನು ಮುಟ್ಟಿದಳು. ಒಂದು ಊದಿಕೊಂಡು ಬಿಸಿಯಾಗಿತ್ತು. ಗೆಳತಿಯೊಬ್ಬಳು ನೀವಲು ಕೈ ಹಾಕಿದಾಗ "ಉಜ್ಜಬೇಡ!" ಎಂದು ಕೂಗಿದಳು. "ಮೇಡಂ, ರಕ್ತ ಹೆಪ್ಪುಗಟ್ಟಿರಬಹುದು."

ಗಾಲಿಕುರ್ಚಿಯನ್ನು ಮೇಡಂ ತಾವೇ ತಳ್ಳಿದರು. ಸ್ಕ್ಯಾನು ನೋಡಿದ ಡಾಕ್ಟರು ಹುಡುಗಿಯ ಊಹೆ ಸರಿ ಎಂದರು. ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿದ್ದರೆ ಜೀವಕ್ಕೇ ಸಂಚಕಾರವಿತ್ತು. ಔಷಧಿ ಶುರುವಾಯಿತು. ತಿಂಗಳಾದ ಮೇಲೆ ಡ್ರೈವರು ಮತ್ತೆ ಬಂದರು, ಜೊತೆಗೆ ರೋಗಿಯಾಗಿ ಮಲಗಲು ನಿವೃತ್ತ ದರ್ಜಿಯೊಬ್ಬರನ್ನೂ ಕರೆತಂದರು.

ಓದು ಮುಗಿಯುವ ವೇಳೆಗೆ ಗಿಣಿ ಭಾಷಾ ಪರೀಕ್ಷೆಯನ್ನೂ ಪಾಸು ಮಾಡಿದ್ದಳು. ಶಿಫಾರಸು ಪತ್ರ ಕೇಳಲು ಬಂದಾಗ ಮೇಡಂ ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟರು. "ಇಲ್ಲೇ ಪಾಠ ಹೇಳ್ಕೊಂಡು ಇರ್ತೀಯಾ?"

"ಇಲ್ಲ ಮೇಡಂ. ಹೋಗಬೇಕು ಅಂತಲೇ ಸೇರಿದ್ದು."

ಸುತ್ತುಬಳಸಿಲ್ಲದ ಆ ಮಾತು ಚುಚ್ಚಿತು, ಹಿಡಿಸಿತು ಕೂಡ. ಅಚ್ಚಾದ ನಮೂನೆಯನ್ನು ಬದಿಗಿಟ್ಟು, ಬಿಳಿ ಹಾಳೆ ತೆಗೆದು, ಮೇಡಂ ತಮ್ಮ ಕೈಯಾರೆ ಬರೆಯತೊಡಗಿದರು.