ಬಿಳಿತಾತ ಸೋಲಾರ್ ತೊಳೆಯಲು ಕಲಿತದ್ದು

ಗರಗರ ತಿರುಗುತ್ತಿದ್ದ ವಾಷಿಂಗ್ ಮೆಷಿನ್ನು ಒಂದು ನಿಟ್ಟುಸಿರು ಬಿಟ್ಟು ನಿಂತೇಹೋಯಿತು. ಬೆಳಗಿನಿಂದ ಇದು ಮೂರನೆಯ ಸಲ. ಹೆರಿಗೆ ಆಸ್ಪತ್ರೆಯ ಬೆಡ್‌ಶೀಟುಗಳು ಅದರ ಹೊಟ್ಟೆಯೊಳಗೆ ಸೋಪಿನ ನೀರು ಕುಡಿದುಕೊಂಡು ಸುಮ್ಮನೆ ಕುಳಿತವು.

“ಮಾವ, ಮತ್ತೆ ನಿಂತುಹೋಯ್ತು!” ಎಂದು ಸೊಸೆ ಒಳಗಿನಿಂದ ಕೂಗಿದಳು.

“ನಿಲ್ಲದೆ ಇನ್ನೇನು ಮಾಡುತ್ತೆ? ಆ ಸೋಲಾರ್‌ನೋರು ನಮಗೆ ಸರಿಯಾಗಿ ಟೋಪಿ ಹಾಕಿ ಹೋಗಿದಾರೆ,” ಎಂದ ತಾತ, ಬಟ್ಟೆ ಮಡಚುವ ಮೇಜಿನಿಂದ ಕದಲದೆ.

ಬೀದಿಯವರೆಲ್ಲ ಆತನನ್ನು ಬಿಳಿತಾತ ಎನ್ನುತ್ತಿದ್ದರು. ಆತನ ಲಾಂಡ್ರಿಯಿಂದ ಹೊರಬಂದ ಬಿಳಿ ಬಟ್ಟೆಯ ಪಕ್ಕ ಹೊಸ ಬಟ್ಟೆ ಹಿಡಿದರೆ ಹೊಸದೇ ನಾಚಿಕೊಳ್ಳಬೇಕು, ಹಾಗಿರುತ್ತಿತ್ತು. ನಲವತ್ತು ವರ್ಷಗಳಿಂದ ಆಸ್ಪತ್ರೆಯ ಬಟ್ಟೆ ಈ ಮನೆಗೇ ಬರುತ್ತಿತ್ತು. “ಭೂಮಿಗೆ ಬಂದ ಮಗು ಅಮ್ಮನ ಮೈ ಬಿಟ್ಟರೆ ಮೊದಲು ಮುಟ್ಟೋದು ನಮ್ಮ ಬಟ್ಟೆ,” ಎಂದು ಹೇಳುವಾಗ ತಾತನ ದನಿ ತಾನಾಗಿ ತಗ್ಗುತ್ತಿತ್ತು. ಆತನ ಮಟ್ಟಿಗೆ ಅದು ದೇವರ ಕೆಲಸ. ಬೆಳಗ್ಗೆ ಮೆಷಿನ್ನು ಹಾಕುವ ಮೊದಲು ತಾರಸಿಗೆ ಹೋಗಿ, ಹುಟ್ಟುವ ಸೂರ್ಯನಿಗೆ ಕೈಮುಗಿದು, “ಅಪ್ಪಾ, ಇವತ್ತೂ ಬಂದೆಯಲ್ಲ, ಸಂತೋಷ,” ಎಂದು ಹೇಳಿಯೇ ಕೆಳಗಿಳಿಯುತ್ತಿದ್ದ.

ಈಗ ಆ ಕೆಲಸವೇ ಕೈತಪ್ಪುವ ಹಾಗಾಗಿತ್ತು. ಎರಡು ವಾರದಿಂದ ಬಟ್ಟೆ ಹೊತ್ತಿಗೆ ಸರಿಯಾಗಿ ತಲುಪಿರಲಿಲ್ಲ. ಆಸ್ಪತ್ರೆಯ ದೊಡ್ಡ ನರ್ಸಮ್ಮ ಬೆಳಗ್ಗೆಯೇ ಫೋನ್ ಮಾಡಿದ್ದರು. “ತಾತ, ನಿಮ್ಮ ಮೇಲೆ ನನಗೆ ಗೌರವ ಇದೆ. ಆದರೆ ಬರಿ ಮಂಚದ ಮೇಲೆ ಬಾಣಂತೀರನ್ನ ಮಲಗಿಸೋಕಾಗುತ್ತಾ? ನಾಳೆ ಮೂರು ಗಂಟೆಯೊಳಗೆ ಬಟ್ಟೆ ಬರಲಿಲ್ಲ ಅಂದರೆ ನಾನು ಬೇರೆಯವರಿಗೆ ಹೇಳಲೇಬೇಕು.”

ತಾರಸಿಯ ಮೇಲೆ ಎಂಟು ಸೋಲಾರ್ ಪ್ಯಾನೆಲ್‌ಗಳು ಬಂದು ಕುಳಿತು ವರ್ಷವಾಗಿತ್ತು. ಮೊದಲೆಲ್ಲ ಊರಿನ ಕರೆಂಟು ಕೈಕೊಟ್ಟರೂ ಹಗಲಿಡೀ ಮೆಷಿನ್ನು ಆ ಸೋಲಾರ್ ಕರೆಂಟಿನಲ್ಲೇ ಓಡುತ್ತಿತ್ತು. ಈಗ ಬಿಸಿಲು ಸುರಿಯುತ್ತಿದ್ದರೂ ಈ ಪಾಡು.

“ಪ್ಯಾನೆಲ್ ಅಕ್ಕನಿಗೆ ಹೇಳಿಕಳಿಸಿದೀನಿ ಮಾವ,” ಎಂದಳು ಸೊಸೆ, ಮೆಲ್ಲಗೆ. “ಪ್ಯಾನೆಲ್ ತೊಳೆಯೋದರಲ್ಲಿ ಏನಾದರೂ ಹೆಚ್ಚುಕಡಿಮೆ ಆಗಿರಬಹುದು ಅಂದರು.”

ಮಡಚುತ್ತಿದ್ದ ತಾತನ ಕೈ ಗಾಳಿಯಲ್ಲೇ ನಿಂತಿತು. “ತೊಳೆಯೋದರಲ್ಲಾ? ಅರ್ಧ ಊರಿನ ಕಾಲರ್ ಕೊಳೆ ತೆಗೆದಿರೋನು ನಾನು! ನನಗೇ ತೊಳೆಯೋ ಪಾಠಾನಾ? ಬರಲಿ, ಬರಲಿ. ನಮ್ಮದರಷ್ಟು ಉಜ್ಜಿಸಿಕೊಂಡಿರೋ ಪ್ಯಾನೆಲ್ ಎಲ್ಲಿದೆ ಅಂತ ತೋರಿಸಲಿ!”

ಪ್ಯಾನೆಲ್ ಅಕ್ಕ ಸುತ್ತಲಿನ ಮನೆಗಳ ಸೋಲಾರ್ ರಿಪೇರಿ ನೋಡಿಕೊಳ್ಳುತ್ತಿದ್ದ ನಡುವಯಸ್ಸಿನ ಹೆಂಗಸು. ಅಂದೇ ಹೆಗಲಿಗೆ ಚೀಲ ಹಾಕಿಕೊಂಡು ತಾರಸಿಯ ಮೆಟ್ಟಿಲು ಹತ್ತಿ ಬಂದಳು. ತಾತ ತನ್ನ ಆಯುಧಗಳನ್ನು ಮುಂದಿಟ್ಟ. ಒಂದು ಸೋಪಿನ ಪುಡಿಯ ಡಬ್ಬಿ, ಇನ್ನೊಂದು ಕಾಲರ್ ಉಜ್ಜುವ ಗಡಸು ಬ್ರಷ್.

“ಪಕ್ಕದ ರಸ್ತೆ ಅಗೆದು ಧೂಳು ಏಳೋಕೆ ಶುರುವಾದಾಗಿಂದ ದಿನಾ ಉಜ್ಜುತ್ತಿದೀನಮ್ಮ. ನಡುಮಧ್ಯಾಹ್ನ, ಗಾಜು ಚೆನ್ನಾಗಿ ಕಾದಿರುವಾಗ. ಬಿಸಿಗೆ ಕೊಳೆ ಬೇಗ ಬಿಡುತ್ತೆ, ನಿನಗೆ ಗೊತ್ತಿಲ್ಲ.”

ಅಕ್ಕ ನಗಲಿಲ್ಲ. ಗಾಜಿನ ಅಂಚಿನಲ್ಲಿ ಬೆರಳು ಸವರಿ ತೋರಿಸಿದಳು. ಬೆರಳ ತುದಿಗೆ ಸುಣ್ಣದಂಥ ಬಿಳಿ ಪುಡಿ ಅಂಟಿತ್ತು.

“ಇದಕ್ಕೆ ಯಾವ ನೀರು ಹಾಕ್ತೀರಿ ತಾತ?”

“ಬೋರ್‌ವೆಲ್ ನೀರು. ಮತ್ತಿನ್ನೇನು, ಪನ್ನೀರು ಹಾಕಲಾ?”

“ಬಿಳಿ ಬಟ್ಟೇನ ಕೊನೇ ಸಲ ಜಾಲಿಸೋದೂ ಬೋರ್‌ವೆಲ್ ನೀರಲ್ಲೇನಾ?”

“ಛೇ ಛೇ! ಆ ಗಡಸು ನೀರಲ್ಲಿ ಜಾಲಿಸಿದರೆ ಬಿಳುಪು ಮಂಕಾಗುತ್ತೆ. ಉಪ್ಪು ಕೂರುತ್ತೆ. ಅದಕ್ಕೆ ಅಂತಾನೇ ಮಳೆನೀರಿನ ತೊಟ್ಟಿ…”

ತಾತ ಗಾಜನ್ನೊಮ್ಮೆ ನೋಡಿದ, ಅಕ್ಕನ ಬೆರಳನ್ನೊಮ್ಮೆ ನೋಡಿದ.

“ರೇಷ್ಮೆ ಬಟ್ಟೆ ಬಂದರೆ ಈ ಬ್ರಷ್ ಮುಟ್ಟಿಸ್ತೀರಾ?” ಅಕ್ಕ ಮೃದುವಾಗಿ ಕೇಳಿದಳು.

“ತಲೆ ಕೆಟ್ಟಿದೆಯಾ ನನಗೆ?”

“ಈ ಗಾಜನ್ನೂ ರೇಷ್ಮೆ ಅಂತ ತಿಳ್ಕೊಳ್ಳಿ. ಇಲ್ಲಿ ನೋಡಿ, ಗೀರು. ಸೋಪಿನ ಪುಡಿ ಪೊರೆ ಕಟ್ಟುತ್ತೆ, ಅದರ ಮೇಲೆ ಧೂಳು ಇನ್ನೂ ಗಟ್ಟಿಯಾಗಿ ಕೂರುತ್ತೆ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಒಡೆದರೂ ಒಡೀಬಹುದು. ನೀವು ತೊಳೆದಿಲ್ಲ ಅಂತ ನಾನು ಹೇಳಲ್ಲ ತಾತ. ಕಂಬಳಿ ತೊಳೆಯೋ ರೀತೀಲಿ ರೇಷ್ಮೆ ತೊಳೆದಿದೀರಿ, ಅಷ್ಟೇ.”

ಬಾಗಿಲ ಬಳಿ ನಿಂತಿದ್ದ ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ತಾತ ಅವಳತ್ತ ಕಣ್ಣು ಬಿಟ್ಟ. “ನಗು, ನಗು. ನಿನ್ನ ಮಾವನಿಗೆ ಈ ವಯಸ್ಸಲ್ಲಿ ಬಟ್ಟೆ ಗುರುತು ಸಿಗಲಿಲ್ಲ.”

ಅಕ್ಕನ ಕಣ್ಣು ಆಗಲೇ ಬೇರೆಡೆ ಹೋಗಿತ್ತು. ಪ್ಯಾನೆಲ್‌ಗಳ ಎದುರಿಗೇ ಒಂದು ಹೊಸ ಹಗ್ಗ. ಅದರ ತುಂಬ ಒದ್ದೆ ಬೆಡ್‌ಶೀಟುಗಳು. ಅವುಗಳ ನೆರಳು ಎರಡು ಪ್ಯಾನೆಲ್‌ಗಳ ಕೆಳಭಾಗದ ಮೇಲೆ ಅಡ್ಡವಾಗಿ ಬಿದ್ದಿತ್ತು. ಆಸ್ಪತ್ರೆಯಲ್ಲಿ ಹೊಸ ವಾರ್ಡು ತೆರೆದು ಬಟ್ಟೆ ಹೆಚ್ಚಾದಾಗ ತಾತನೇ ಕಟ್ಟಿದ ಹಗ್ಗ ಅದು.

“ತಾತ, ನೀವು ಕೆಳಗೆ ಹೋಗಿ ಇನ್ವರ್ಟರ್ ಪೆಟ್ಟಿಗೆ ಮುಂದೆ ನಿಂತ್ಕೊಳ್ಳಿ. ಎಷ್ಟು ಕರೆಂಟು ತೋರಿಸುತ್ತೆ ಅಂತ ಕೂಗಿ ಹೇಳಿ.”

“ಒಂದೂವರೆ ಕಿಲೋವ್ಯಾಟು!” ಎಂದು ಕೆಳಗಿನಿಂದ ದನಿ ಬಂತು.

ಅಕ್ಕ, ಸೊಸೆ ಇಬ್ಬರೂ ಸೇರಿ ಬೆಡ್‌ಶೀಟುಗಳನ್ನು ಹಗ್ಗದಿಂದ ತೆಗೆದರು. ಆಮೇಲೆ, “ಏಯ್! ಎರಡು ದಾಟಿತು! ಏನಮ್ಮ ಮಾಡಿದೆ, ಮಂತ್ರ ಹಾಕಿದೆಯಾ?” ಎನ್ನುತ್ತ ತಾತ ಏದುಸಿರು ಬಿಡುತ್ತ ಮೇಲೆ ಬಂದ.

“ಮಂತ್ರ ಇಲ್ಲ, ತಂತ್ರ ಇಲ್ಲ. ಸಾಲಾಗಿ ನಿಂತು ಬಕೆಟ್ ದಾಟಿಸುವಾಗ ನಡುವೆ ಒಬ್ಬ ಆಕಳಿಸುತ್ತ ನಿಂತರೆ ಏನಾಗುತ್ತೆ? ಸಾಲಿಗೆ ಸಾಲೇ ನಿಧಾನ. ಇಲ್ಲೂ ಹಾಗೇ. ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೆ ಜೊತೆಯವಕ್ಕೂ ತೊಂದರೆ.”

ತಾತ ತಾನು ಕಟ್ಟಿದ ಗಂಟನ್ನು ತಾನೇ ಬಿಚ್ಚಿ, ಹಗ್ಗವನ್ನು ತಾರಸಿಯ ಇನ್ನೊಂದು ತುದಿಗೆ ಹೊತ್ತುಕೊಂಡು ಹೋದ.

“ಉಳಿದದ್ದು ನಾಳೆ ಬೆಳಗ್ಗೆ, ಗಾಜು ತಣ್ಣಗಿರುವಾಗ,” ಎಂದಳು ಅಕ್ಕ. “ಮಳೆನೀರು ನಾಲ್ಕು ಬಕೆಟ್ ಇಟ್ಟಿರಿ.”

ಮರುದಿನ ಬಿಸಿಲು ಏರುವ ಮೊದಲೇ ಅವಳು ಬಂದಳು. ಸೋಲಾರಿನ ಸ್ವಿಚ್ಚುಗಳನ್ನು ಒಂದಾದ ಮೇಲೊಂದು ಕ್ರಮವಾಗಿ ಆರಿಸಿದಳು. ಗಾಜಿನಲ್ಲಿ ಬಿರುಕಿದೆಯೇ, ವೈರು ಎಲ್ಲಾದರೂ ಕಿತ್ತಿದೆಯೇ ಎಂದು ಸುತ್ತ ನೋಡಿದಳು. “ಒಡೆದದ್ದು ಕಂಡರೆ ನೀರೂ ಹಾಕಬಾರದು, ಕೈಯೂ ಹಾಕಬಾರದು. ನನ್ನನ್ನ ಕರೀಬೇಕು,” ಎಂದಳು. ಪ್ಯಾನೆಲ್ ಮೇಲೆ ಕಾಲಿಡಲಿಲ್ಲ, ತಾರಸಿಯ ಅಂಚಿಗೆ ಬಾಗಲಿಲ್ಲ. ನಡುವೆ ಗಟ್ಟಿಯಾಗಿ ನಿಂತು, ಮೇಲಿನಿಂದ ತೆಳ್ಳಗೆ ನೀರು ಬಿಟ್ಟು, ಹಕ್ಕಿಯ ಹಿಕ್ಕೆ ತಾನಾಗಿ ನೆನೆಯುವವರೆಗೆ ಕಾದಳು. ಆಮೇಲೆ ಉದ್ದ ಕೋಲಿನ ತುದಿಗೆ ಕಟ್ಟಿದ ಮೆತ್ತನೆ ಬಟ್ಟೆಯಿಂದ ಮೇಲಿಂದ ಕೆಳಕ್ಕೆ ಒಂದೇ ಸಮನೆ ಸವರಿದಳು. ಒತ್ತಲಿಲ್ಲ, ಉಜ್ಜಲಿಲ್ಲ.

ತಾತ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದ. ಕೆಲಸ ಬಲ್ಲ ಕೈಯನ್ನು ಗುರುತಿಸಲು ಆತನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಸುಗೂಸಿನ ಮೈ ಒರೆಸುವ ಹಾಗೆ ಆ ಕೈ ಓಡಾಡುತ್ತಿತ್ತು. ಇಷ್ಟು ದಿನ ಸೂರ್ಯನಿಗೆ ಕೈಮುಗಿದು, ಅದೇ ಕೈಯಿಂದ ಅವನ ದಾರಿಗೆ ಪರದೆ ಎಳೆದೆನಲ್ಲ ಎಂದು ತಾತನಿಗೆ ಒಳಗೊಳಗೇ ಅನ್ನಿಸಿತು.

“ತಾಯಿ, ಆ ಬಟ್ಟೆ ಬಿಡು,” ಎಂದ ಇದ್ದಕ್ಕಿದ್ದಂತೆ. ಕೆಳಗಿಳಿದು ಹೋಗಿ ಒಂದು ಹಳೇ ಬೆಡ್‌ಶೀಟಿನ ತುಂಡು ತಂದ. ಸಾವಿರ ಸಲ ನೀರು ಕಂಡು ಬೆಣ್ಣೆಯಂತಾಗಿದ್ದ ಬಟ್ಟೆ, ಒಂದು ಎಳೆ ಉದುರದು. ಅಕ್ಕ ಅದನ್ನು ಕೆನ್ನೆಗೆ ಒತ್ತಿ ನೋಡಿದಳು.

“ಹತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ ತಾತ. ಇಂಥ ಬಟ್ಟೆ ಸಿಕ್ಕಿರಲಿಲ್ಲ. ತಗೊಳ್ಳಿ ಕೋಲು, ಉಳಿದದ್ದು ನಿಮ್ಮದು.”

ತಾತ ತೊಳೆದ. ಕೊನೆಗೆ ಮತ್ತೊಂದು ಸಲ ಮಳೆನೀರು ಹಾಯಿಸಿದ, ಬಿಳಿ ಬಟ್ಟೆ ಜಾಲಿಸುವ ಹಾಗೆಯೇ. ಸುಣ್ಣದ ಪೊರೆ ಬಿಟ್ಟಿತು. ಬ್ರಷ್ಷಿನ ಗೀರುಗಳು ಮಾತ್ರ ಹಾಗೇ ಉಳಿದವು.

“ಇವು ಹೋಗಲ್ವಾ?”

“ಇಲ್ಲ ತಾತ. ಇವು ಇರುತ್ತವೆ.”

ತಾತ ಆ ಗೀರುಗಳ ಮೇಲೆ ಒಮ್ಮೆ ಕೈಯಾಡಿಸಿದ. ಕೆಳಗಿಳಿಯುವಾಗ ಕಾಲರ್ ಬ್ರಷ್ಷನ್ನು ಸೊಸೆಯ ಕೈಗೆ ಕೊಟ್ಟ. “ಇದನ್ನ ತಾರಸಿ ಮೆಟ್ಟಿಲು ಹತ್ತೋಕೆ ಬಿಡಬೇಡ. ನಾನೇ ಕೇಳಿದರೂ ಕೊಡಬೇಡ.”

ಆ ಮಧ್ಯಾಹ್ನ ಇನ್ವರ್ಟರ್ ಪೆಟ್ಟಿಗೆ ಎರಡೂ ಮುಕ್ಕಾಲು ಕಿಲೋವ್ಯಾಟು ತೋರಿಸಿತು. ಮೆಷಿನ್ನು ಒಮ್ಮೆಯೂ ನಿಲ್ಲಲಿಲ್ಲ. ತಾತನ ಮಗ ವ್ಯಾನಿನಲ್ಲಿ ಒಯ್ದು ಬಟ್ಟೆ ಇಳಿಸಿದಾಗ ಆಸ್ಪತ್ರೆಯ ಗಡಿಯಾರದಲ್ಲಿ ಎರಡೂ ಕಾಲು. ಸಂಜೆ ನರ್ಸಮ್ಮನ ಫೋನ್ ಬಂತು.

“ತಾತ, ಎರಡೂವರೆಗೆ ಒಂದು ಹೆಣ್ಣುಮಗು ಹುಟ್ಟಿತು. ನಿಮ್ಮ ಬಟ್ಟೆ ಇನ್ನೂ ಬೆಚ್ಚಗಿತ್ತು, ಅದರಲ್ಲೇ ಸುತ್ತಿದ್ವಿ. ಅಳು ನಿಲ್ಲಿಸಿ ಮಲಗಿಬಿಟ್ಟಳು.”

ತಾತ ಫೋನ್ ಇಟ್ಟು ತಾರಸಿಗೆ ಹೋದ. ಸೂರ್ಯ ಮನೆಗಳ ಹಿಂದೆ ಇಳಿಯುತ್ತಿದ್ದ. ಎಂಟೂ ಗಾಜುಗಳಲ್ಲಿ ಒಂದೊಂದು ಕೆಂಪು ಬಿಂಬ. “ಹೋಗಿ ಬಾ ಅಪ್ಪಾ,” ಎಂದ ತಾತ. “ನಾಳೆ ದಾರಿಗೆ ಅಡ್ಡ ನಿಲ್ಲಲ್ಲ.”

ಇದನ್ನು ಓದಿದವರೇ, ಕೇಳಿದವರೇ, ನಿಮ್ಮ ತಾರಸಿಯ ಮೇಲೂ ಸೋಲಾರ್ ಇದ್ದರೆ ನಾಳೆ ಬೆಳಗ್ಗೆ ಒಮ್ಮೆ ಹತ್ತಿ ನೋಡಿ. ಧೂಳು ಕೂತಿದೆಯೇ? ಹಗ್ಗದ್ದೋ ಕೊಂಬೆಯದ್ದೋ ನೀರಿನ ಟ್ಯಾಂಕಿನದ್ದೋ ನೆರಳು ಬೀಳುತ್ತಿದೆಯೇ? ಧೂಳಿನ ಜಾಗವಾದರೆ ಎರಡು ವಾರಕ್ಕೊಮ್ಮೆ, ಇಲ್ಲದಿದ್ದರೆ ತಿಂಗಳಿಗೊಮ್ಮೆ, ಗಾಜು ತಣ್ಣಗಿರುವಾಗ ಮಳೆನೀರಿನಂಥ ಮೆದು ನೀರಿನಿಂದ, ಮೆತ್ತನೆ ಬಟ್ಟೆಯಿಂದ ತೊಳೆಯಿರಿ. ಸ್ವಿಚ್ಚು ಆರಿಸುವ ಕ್ರಮವನ್ನು ಪ್ಯಾನೆಲ್ ಕೂರಿಸಿದವರ ಹತ್ತಿರ ಕೇಳಿ ತಿಳಿದುಕೊಳ್ಳಿ. ಇಳಿಜಾರು ಛಾವಣಿಯ ಮೇಲಿದ್ದರೆ ನೀವು ಹತ್ತಬೇಡಿ, ಕೆಲಸ ಬಲ್ಲವರನ್ನು ಕರೆಯಿರಿ. ಬೆಳಕು ದಿನವೂ ನಮ್ಮ ಮನೆಯವರೆಗೆ ಬರುತ್ತದೆ. ಕಾಲು ಗಂಟೆ ಬಿಡುವು ಮಾಡಿಕೊಂಡು ಅದಕ್ಕೆ ಗಾಜು ಒರೆಸಿಡೋಣ.