ಚುಕ್ಕೆಯ ನಂತರ ಒಂದೇ ಸ್ಪೇಸ್

ನನ್ನ ಸಿಟ್ಟಿನ ಬಗ್ಗೆ ಬೋಳಾರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮೂವತ್ತೆಂಟು ವರ್ಷಗಳಿಂದ ಇಲ್ಲಿ ಇಂಗ್ಲಿಷ್ ಟೈಪಿಂಗ್ ಕಲಿಸುತ್ತಿದ್ದೇನೆ. ಹನ್ನೆರಡು ಟೈಪ್‌ರೈಟರ್‌ಗಳಿದ್ದ ಕೋಣೆಯಲ್ಲಿ ಈಗ ಐದು ಕಂಪ್ಯೂಟರ್‌ಗಳಿವೆ, ಆದರೆ ಈ ಒಲಿಂಡಾ ಟೀಚರ ಕ್ರಮ ಮಾತ್ರ ಬದಲಾಗಿಲ್ಲ. ಕೀಲಿ ನೋಡಿಕೊಂಡು ಟೈಪ್ ಮಾಡುವವರ ಕೈಮೇಲೆ ಟವೆಲ್ ಹೊದಿಸುತ್ತೇನೆ. ಟೈಪ್ ಮಾಡಿದ್ದನ್ನು ಪ್ರಿಂಟ್ ತೆಗೆದು ಕೆಂಪು ಪೆನ್ನಿನಿಂದ ತಿದ್ದುತ್ತೇನೆ. ಸ್ಪೀಡ್ ಅಳೆಯುವ ವೆಬ್‌ಸೈಟುಗಳಿವೆಯೆಂದು ಮಕ್ಕಳು ಹೇಳಿದಾಗೆಲ್ಲ ಗದರಿಸಿ ಬಾಯಿ ಮುಚ್ಚಿಸಿದ್ದೇನೆ. ಗೋಡೆಯಲ್ಲಿ ನನ್ನ ಗುರುಗಳ ಕಾಲದ ಹಲಗೆಯೊಂದಿದೆ: ಬೆನ್ನು ನೇರ, ಕಣ್ಣು ಪುಸ್ತಕದಲ್ಲಿ, ಕಾಮಾದ ನಂತರ ಒಂದು ಸ್ಪೇಸ್, ಚುಕ್ಕೆಯ ನಂತರ ಎರಡು.

ಜಸೀಲಾ ಬಂದದ್ದು ಜೂನ್ ತಿಂಗಳಲ್ಲಿ. ವಯಸ್ಸು ಮೂವತ್ತೆರಡು, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ದೊಡ್ಡವ ಅಝರ, ಗಂಡ ರಾಝಿಕ್ ಗಲ್ಫಿನ ದಮ್ಮಾಮಿನಲ್ಲಿ. ಅತ್ತಾವರದ ಒಂದು ಆಸ್ಪತ್ರೆಗೆ, ರೋಗಿಗಳು ಮನೆಗೆ ಹೋಗುವಾಗ ಕೊಡುವ ಡಿಸ್ಚಾರ್ಜ್ ಸಮ್ಮರಿ ಟೈಪ್ ಮಾಡುವವರು ಬೇಕಾಗಿದ್ದರು. ನಿಮಿಷಕ್ಕೆ ನಲವತ್ತು ಪದ ಬರಬೇಕು, ನೂರರಲ್ಲಿ ತೊಂಬತ್ತೈದು ಸರಿಯಿರಬೇಕು.

"ಕೆಲಸ ಯಾಕೆ ಬೇಕು ನಿಂಗೆ?" ಎಂದು ಮೊದಲ ದಿನವೇ ಕೇಳಿದ್ದೆ. ಹಾಗೆ ಕೇಳುವುದು ನನ್ನ ಕೆಟ್ಟ ಚಾಳಿ.

"ಮನೆಯಲ್ಲಿ ನಾನು ಅಝರನ ಉಮ್ಮ, ಶಾಲೆಯಲ್ಲಿಯೂ ಅಝರನ ಉಮ್ಮ. ಜಸೀಲಾ ಅಂತ ಕರೆಯುವ ಒಂದು ಜಾಗ ಬೇಕು ಟೀಚರ್."

ಆ ಮಾತು ನನಗೆ ಹಿಡಿಸಿತು. ಉಳಿದವರಿಗಿಂತ ಅರ್ಧ ಗಂಟೆ ಹೆಚ್ಚು ಕೂರಿಸಿಕೊಂಡು ಕಲಿಸಿದೆ. ಸೆಪ್ಟೆಂಬರ್ ಬರುವಾಗ ಅವಳ ಸ್ಪೀಡ್ ನಲವತ್ತಮೂರು, ಪ್ರಿಂಟಿನಲ್ಲಿ ನನ್ನ ಕೆಂಪು ಪೆನ್ನಿಗೆ ಕೆಲಸವೇ ಇರಲಿಲ್ಲ. ಪಾಸಾಗುತ್ತಾಳೆಂದು ಊರಿಗೆಲ್ಲ ಹೇಳಿಕೊಂಡು ಬಂದೆ.

ಫೇಲಾದಳು. ಸ್ಪೀಡ್ ಸರಿಯಾಗಿಯೇ ಇತ್ತು, ಅಕ್ಯುರಸಿ ಮಾತ್ರ ತೊಂಬತ್ತೆರಡು. ಆ ಆಸ್ಪತ್ರೆ ಒಬ್ಬರಿಗೆ ಎರಡೇ ಅವಕಾಶ ಕೊಡುತ್ತದೆ, ಎರಡನೆಯದಕ್ಕೆ ಒಂಬತ್ತು ದಿನ ಉಳಿದಿತ್ತು.

ಅವಳು ಬಾಗಿಲಲ್ಲಿ ಕಾಣಿಸಿಕೊಂಡ ತಕ್ಷಣ ನಾನು ಶುರು ಮಾಡಿದೆ. "ಅವಸರ ಮಾಡಿದ್ದೀ. ಎಂತ ಹೇಳಿದ್ದೆ ನಾನು? ಗಮನ ಎಲ್ಲಿತ್ತು?"

"ಟೀಚರ್, ನಾನು ಒಂದು ಪದ ಕೂಡ ತಪ್ಪು ಮಾಡಲಿಲ್ಲ," ಎಂದಳು. ಕಣ್ಣಲ್ಲಿ ನೀರಿತ್ತು, ಆದರೆ ಧ್ವನಿ ಗಟ್ಟಿಯಾಗಿತ್ತು. "ಎಲ್ಲಿ ತಪ್ಪಾಗಿದೆ ಅಂತ ತೋರಿಸ್ಲಿಕ್ಕೆ ಹೇಳಿದ್ದೇನೆ. ನಾಳೆ ಬನ್ನಿ ಅಂತ ಹೇಳಿದ್ದಾರೆ."

ಕಳೆದ ಎರಡು ವರ್ಷಗಳಲ್ಲಿ ನನ್ನ ನಾಲ್ವರು ವಿದ್ಯಾರ್ಥಿಗಳು ಇಂಥ ಪರೀಕ್ಷೆಗಳಲ್ಲಿ ಫೇಲಾಗಿ ಬಂದಿದ್ದರು. ನಾಲ್ವರೂ ನನ್ನ ಬೈಗುಳವನ್ನು ತಲೆ ತಗ್ಗಿಸಿ ಕೇಳಿ, ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ತಪ್ಪು ತೋರಿಸಿ ಎಂದು ಕೇಳಿದವಳು ಇವಳೊಬ್ಬಳೇ. ಇಷ್ಟು ಧೈರ್ಯದಿಂದ ಕೇಳುವವಳು ತಪ್ಪು ಮಾಡಿರಲಾರಳು, ಕಂಪ್ಯೂಟರಿನದ್ದೇ ಏನೋ ಮೋಸ ಎಂದು ನನಗೆ ಖಾತ್ರಿಯಾಯಿತು. ಮರುದಿನ ಕೊಡೆ ಹಿಡಿದುಕೊಂಡು, ಜಗಳಕ್ಕೆ ಸಿದ್ಧಳಾಗಿ, ಅವಳ ಜೊತೆ ರಿಕ್ಷಾ ಹತ್ತಿದೆ.

ಪರೀಕ್ಷೆ ನೋಡಿಕೊಳ್ಳುವ ಯೋಗೀಶ್ ಸಮಾಧಾನದ ಮನುಷ್ಯ. ನನ್ನ ಮಾತು ಮುಗಿಯುವವರೆಗೆ ಕಾದು, ಕುರ್ಚಿ ಎಳೆದುಕೊಟ್ಟು, ಜಸೀಲಾಳ ಪುಟವನ್ನು ಪರದೆಯ ಮೇಲೆ ತೆರೆದ. ಸಾಲುಗಳ ನಡುವೆ ಅಲ್ಲಲ್ಲಿ ಕೆಂಪು ಪದಗಳಿದ್ದವು. ಕನ್ನಡಕ ಸರಿಮಾಡಿಕೊಂಡು ಓದಿದೆ. ಒಂದರಲ್ಲೂ ಅಕ್ಷರ ತಪ್ಪಿರಲಿಲ್ಲ, ಆದರೆ ಎಲ್ಲವೂ ವಾಕ್ಯದ ಮೊದಲ ಪದಗಳೇ ಆಗಿದ್ದವು.

"ನೋಡಿ ಮೇಡಂ, ಇವರು ಪ್ರತಿ ಚುಕ್ಕೆ ಆದ ಮೇಲೆ ಎರಡು ಸಲ ಸ್ಪೇಸ್ ಒತ್ತಿದ್ದಾರೆ. ಪ್ಯಾಸೇಜಲ್ಲಿ ಒಂದೇ ಉಂಟು. ಹಾಗೆ ಒತ್ತಿದರೆ ಇದು ಮುಂದಿನ ಪದವನ್ನೇ ತಪ್ಪು ಅಂತ ಲೆಕ್ಕ ಹಿಡಿತದೆ. ಎರಡು ಸ್ಪೇಸ್ ಟೈಪ್‌ರೈಟರ್ ಕಾಲದ್ದಲ್ವಾ? ಈಗ ಯಾರು ಹೇಳಿಕೊಡ್ತಾರೆ ಮಾರಾಯ್ರೆ?"

ಜಸೀಲಾ ನನ್ನ ಕಡೆ ನೋಡಲಿಲ್ಲ. "ನಂಗೆ ಹಾಗೇ ಅಭ್ಯಾಸ ಆಗಿದೆ ಸರ್," ಎಂದಳು.

ಅವಳು ನನ್ನ ಮಾನ ಉಳಿಸುತ್ತಿದ್ದಳು. ಅದನ್ನು ತಡೆದುಕೊಳ್ಳುವುದು ಬೈಗುಳ ತಿನ್ನುವುದಕ್ಕಿಂತ ಕಷ್ಟವಾಯಿತು. "ನಾನೇ ಹೇಳಿಕೊಟ್ಟದ್ದು," ಎಂದೆ. ಯೋಗೀಶ್ ಪುಟ ಮುಚ್ಚಿದ.

ರಿಕ್ಷಾದಲ್ಲಿ ವಾಪಸು ಹೊರಟೆವು. ನನ್ನ ತಲೆಯಲ್ಲಿ ಹಿಂದೆ ಫೇಲಾದ ಆ ನಾಲ್ವರ ಮುಖಗಳೇ ಸುತ್ತುತ್ತಿದ್ದವು. ಅದರಲ್ಲೂ ಅನುಷ್ಕಾಳ ಮುಖ. ಮಣ್ಣಗುಡ್ಡದಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದ ಹುಡುಗಿ. ಟೈಪಿಂಗ್ ನಿನ್ನಂಥವರಿಗಲ್ಲ ಎಂದು ಎಲ್ಲರ ಎದುರೇ ಅಂದುಬಿಟ್ಟಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅದೇ ಸಂಜೆ ಸ್ಪೀಡ್ ಅಳೆಯುವ ವೆಬ್‌ಸೈಟ್ ತೆರೆಯಲು ಜಸೀಲಾಳಿಗೆ ಹೇಳಿದೆ. ಮೊದಲು ನಾನೇ ಕುಳಿತೆ. ಸ್ಪೀಡ್ ಅರವತ್ತೊಂದು, ಅಕ್ಯುರಸಿ ತೊಂಬತ್ತೊಂದು. ಜಸೀಲಾ ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಗು ತಡೆದಳು.

"ನಗು, ನಗು. ಟೀಚರೂ ಫೇಲು," ಎಂದೆ.

ವಿಷಯ ತಲೆಗೆ ಗೊತ್ತಾಗಿತ್ತು, ಹೆಬ್ಬೆರಳಿಗೆ ಗೊತ್ತಾಗಲಿಲ್ಲ. ಚುಕ್ಕೆ ಬಂದರೆ ಸಾಕು, ಅದು ತನ್ನಷ್ಟಕ್ಕೆ ಎರಡು ಸಲ ತಟ್ಟುತ್ತಿತ್ತು. ಅದನ್ನು ತಡೆಯಲು ಜಸೀಲಾ ಪ್ರತಿ ವಾಕ್ಯದ ಕೊನೆಯಲ್ಲಿ ನಿಲ್ಲತೊಡಗಿದಳು. ತಪ್ಪುಗಳು ಕಡಿಮೆಯಾದವು, ಆದರೆ ಸ್ಪೀಡ್ ಮೂವತ್ತನಾಲ್ಕಕ್ಕೆ ಇಳಿಯಿತು. ಐದನೇ ದಿನ ಅವಳು ಕೀಬೋರ್ಡನ್ನು ಹಿಂದಕ್ಕೆ ತಳ್ಳಿದಳು.

"ನನ್ನಿಂದ ಆಗುದಿಲ್ಲ ಟೀಚರ್. ಕಲಿಯದೇ ಇದ್ದಿದ್ದರೆ ಸುಲಭ ಇತ್ತು."

ಆ ಮಾತು ನನಗೆ ಚುಚ್ಚಿತು, ಆದರೆ ಸಿಟ್ಟು ಬರಲಿಲ್ಲ. ಅಷ್ಟು ಹೊತ್ತಿಗೆ ಹೊರಗೆ ಮೀನಿನ ಹೆಂಗಸು ಯಾರೊಂದಿಗೋ ಚೌಕಾಸಿಯಲ್ಲಿ ತೊಡಗಿದ್ದಳು. "ಒಂಜೇ ರೇಟ್! ಒಂಜೇ!" ಎಂಬ ಅವಳ ಕೂಗು ಕೋಣೆಯವರೆಗೂ ಕೇಳಿತು. ತುಳುವಿನಲ್ಲಿ ಒಂಜೇ ಎಂದರೆ ಒಂದೇ.

"ಕೇಳಿತಾ?" ಎಂದೆ. "ಚುಕ್ಕೆ ಬಂದಾಗ ನಿಲ್ಲಬೇಡ. ಅವಳ ಹಾಗೆ ಬಾಯಿ ಬಿಟ್ಟು ಒಂಜೇ ಅಂತ ಹೇಳು. ಹೇಳಿದ್ದು ಒಂದು ಸಲವಾದರೆ ತಟ್ಟುವುದೂ ಒಂದೇ ಸಲ."

ಅವಳು ನಾಚಿಕೊಂಡೇ ಶುರು ಮಾಡಿದಳು. ಪಕ್ಕದ ಕಂಪ್ಯೂಟರಿನಲ್ಲಿ ನಾನೂ ಕುಳಿತೆ. ಅರ್ಧ ಗಂಟೆಯಲ್ಲಿ ಕ್ಲಾಸಿನ ಇತರರಿಗೂ ಅದೇ ಹುಚ್ಚು ಹಿಡಿದು, ಕೋಣೆಯಿಡೀ ಒಂಜೇ, ಒಂಜೇ ಎನ್ನತೊಡಗಿತು. ಯಾರಾದರೂ ದಾರಿಯಲ್ಲಿ ಹೋಗುವವರು ಕೇಳಿದ್ದರೆ ಒಲಿಂಡಾ ಟೀಚರಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಏಳನೇ ದಿನ ಅವಳ ಸ್ಪೀಡ್ ನಲವತ್ತನ್ನು ಮುಟ್ಟಿತು. ಎಂಟನೇ ದಿನ ಧ್ವನಿಯಿಲ್ಲದೆ ತುಟಿ ಮಾತ್ರ ಅಲುಗಾಡುತ್ತಿತ್ತು.

ಪರೀಕ್ಷೆಯ ದಿನ ನಾನು ಜೊತೆಗೆ ಹೋಗಲಿಲ್ಲ, ಹೋದರೆ ಅವಳಿಗೆ ಇನ್ನಷ್ಟು ಹೆದರಿಕೆಯಾಗುತ್ತಿತ್ತು. ಬೆಳಗ್ಗೆಯಿಂದ ಕಂಪ್ಯೂಟರುಗಳ ಧೂಳು ಒರೆಸಿದ್ದನ್ನೇ ಮತ್ತೆ ಒರೆಸಿದೆ. ಆಮೇಲೆ ಸ್ಟೂಲು ಹತ್ತಿ ಗೋಡೆಯ ಹಲಗೆ ಇಳಿಸಿದೆ. ಕೊನೆಯ ಸಾಲಿನ 'ಎರಡು' ಎಂಬ ಪದದ ಮೇಲೆ ಬಿಳಿ ಕಾಗದ ಅಂಟಿಸಿ 'ಒಂದೇ' ಎಂದು ಬರೆದೆ. ಗುರುಗಳು ಇದ್ದಿದ್ದರೆ ಬೈಯುತ್ತಿದ್ದರು, ಬೈಯಲಿ.

ಹನ್ನೆರಡೂವರೆಗೆ ಫೋನ್ ಬಂತು.

"ಟೀಚರ್, ನಲವತ್ತೆರಡು. ಅಕ್ಯುರಸಿ ತೊಂಬತ್ತೆಂಟು!" ಜಸೀಲಾ ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. "ಎಂತ ಪಿಸುಗುಡ್ತಾ ಇದ್ದೀರಿ ಅಂತ ಯೋಗೀಶ್ ಸರ್ ಕೇಳಿದ್ರು. ಸೋಮವಾರದಿಂದ ಬರ್ಲಿಕ್ಕೆ ಹೇಳಿದ್ದಾರೆ. ಆಫೀಸಿನವರು ಬಾಗಿಲಿಗೆ ಬಂದು ಜಸೀಲಾ ಯಾರು ಅಂತ ಕರೆದ್ರು ಟೀಚರ್, ನನ್ನ ಹೆಸರು ಹಿಡಿದು ಕರೆದ್ರು!"

ನನಗೆ ಸಂತೋಷವಾಯಿತು, ಬಹಳ ಸಂತೋಷವಾಯಿತು. ಆದರೆ ನನ್ನ ಕೆಲಸ ಮುಗಿದಿರಲಿಲ್ಲ. ಹಳೆಯ ಹಾಜರಿ ಪುಸ್ತಕ ತೆಗೆದು ನಾಲ್ಕು ನಂಬರುಗಳನ್ನು ಹುಡುಕಿ ಬರೆದುಕೊಂಡೆ. ಮೊದಲು ಅತಿ ಕಷ್ಟದ್ದೇ ಆಗಲಿ ಎಂದು ಅನುಷ್ಕಾಳಿಗೆ ಫೋನ್ ಮಾಡಿದೆ. ಈಗ ಒಂದು ಬಟ್ಟೆಯಂಗಡಿಯಲ್ಲಿ ಕೆಲಸಕ್ಕಿದ್ದಾಳಂತೆ, ಹಿಂದೆ ಗಿರಾಕಿಗಳ ಗದ್ದಲ ಕೇಳುತ್ತಿತ್ತು.

"ಅನುಷ್ಕಾ, ನಾನು ಒಲಿಂಡಾ ಟೀಚರ್. ಅವತ್ತು ನೀನು ಸರಿಯಾಗಿಯೇ ಟೈಪ್ ಮಾಡಿದ್ದೆ. ತಪ್ಪು ನಂದು, ನಾನು ತಪ್ಪು ಹೇಳಿಕೊಟ್ಟೆ." ಎಲ್ಲವನ್ನೂ ಬಿಡಿಸಿ ಹೇಳಿದೆ. "ಅಷ್ಟು ಜನರ ಎದುರು ನಿಂಗೆ ಹಾಗೆ ಹೇಳಬಾರದಿತ್ತು. ಬೇಜಾರು ಉಂಟು ನಂಗೆ."

ಅವಳು ಗಿರಾಕಿಯೊಬ್ಬರಿಗೆ ಒಂದು ನಿಮಿಷ ಎನ್ನುವುದು ಕೇಳಿಸಿತು. ಗದ್ದಲ ದೂರವಾಯಿತು, ಅಂಗಡಿಯ ಹೊರಗೆ ಬಂದಿರಬೇಕು.

"ಟೀಚರ್," ಎಂದಳು ಸಣ್ಣ ಧ್ವನಿಯಲ್ಲಿ. "ಅಂಗಡಿ ಆರು ಗಂಟೆಗೆ ಬಿಡ್ತದೆ. ಏಳಕ್ಕೆ ಕ್ಲಾಸ್ ಉಂಟಾ?"

ದಿನಾ ಆರೂವರೆಗೆ ಕ್ಲಾಸಿನ ಬಾಗಿಲು ಹಾಕುವವಳು ನಾನು.

"ಉಂಟು," ಎಂದೆ.