ತಿನ್ನದ ಮಾಂಸ

ಡಾಕ್ಟರು ಸ್ಕ್ಯಾನಿನ ಫಿಲ್ಮನ್ನು ದೀಪಕ್ಕೆ ಹಿಡಿದು, ಮಿದುಳಿನ ಬಲಬದಿಯಲ್ಲಿದ್ದ ಜೋಳದ ಕಾಳಿನಷ್ಟು ಚುಕ್ಕೆಯ ಮೇಲೆ ಪೆನ್ನಿನ ತುದಿ ಇಟ್ಟರು. ಪದ್ಮವ್ವನಿಗೆ ಮೂರು ತಿಂಗಳಿಂದ ಬರುತ್ತಿದ್ದ ಫಿಟ್ಸಿಗೆ ಅದೇ ಕಾರಣ. ಲಾಡಿಹುಳುವಿನ ಮರಿ, ಹಂದಿ ಮಾಂಸದ ಮೂಲಕ ಹಬ್ಬುವಂಥದ್ದು, ಎಂದರು.

ಅತ್ತೆ ರಾಚವ್ವ ಸೆರಗನ್ನು ಮೂಗಿಗೆ ಹಿಡಿದು ಸೊಸೆಯಿಂದ ಒಂದು ಮಾರು ಸರಿದು ನಿಂತಳು.

"ನಾವು ಲಿಂಗವಂತರ್ರಿ ಸಾಹೇಬ್ರ. ನಮ್ಮ ಮನ್ಯಾಗ ತತ್ತಿ ಸುದ್ದಾ ಒಡದಿಲ್ಲ."

ಡಾಕ್ಟರು ಬೇಸರಪಡದೆ ಬಿಡಿಸಿ ಹೇಳಿದರು. ಸರಿಯಾಗಿ ಬೇಯದ ಮಾಂಸ ತಿಂದವರ ಹೊಟ್ಟೆಯಲ್ಲಿ ಹುಳು ಬೆಳೆಯುತ್ತದೆ. ಅವರಿಗೆ ಏನೂ ಆಗದಿರಬಹುದು. ಅವರು ಬಯಲಿಗೆ ಹೋಗಿ ಬಂದು ಕೈ ತೊಳೆಯದೆ ಮುಟ್ಟಿದ್ದನ್ನು ಇನ್ನೊಬ್ಬರು ತಿಂದರೆ, ಹುಳುವಿನ ತತ್ತಿ ಅವರ ಹೊಟ್ಟೆ ಸೇರಿ, ಮರಿ ತಲೆಗೇರುತ್ತದೆ. ಈಕೆ ಮಾಂಸ ತಿಂದಿರಬೇಕೆಂದೇನಿಲ್ಲ. ಮನೆಯವರೆಲ್ಲ ಗುಳಿಗೆ ನುಂಗಬೇಕು.

ರಾಚವ್ವನ ಕಿವಿಗೆ ಹಂದಿ ಎಂಬ ಮಾತಿನಾಚೆ ಏನೂ ಬೀಳಲಿಲ್ಲ. ಪದ್ಮವ್ವ ಗಂಡನನ್ನು ನೋಡಿದಳು. ವಿರೂಪಾಕ್ಷ ಕಿಟಕಿಯಾಚೆ ನೋಡುತ್ತಿದ್ದ. ಲಗ್ನವಾದ ಹೊಸತರಲ್ಲಿ ಅವನೇ ನಗುತ್ತ ಹೇಳಿದ್ದ: ಟ್ರ್ಯಾಕ್ಟರ್ ತಗೊಂಡು ಕಿತ್ತೂರಿಗೆ ಹೋದಾಗಲೆಲ್ಲ ಹೆದ್ದಾರಿ ಬದಿಯಲ್ಲಿ ಗೆಳೆಯರ ಜೊತೆ ಹಂದಿ ಮಾಂಸ ತಿನ್ನುತ್ತೇನೆ, ಅವ್ವನಿಗೆ ಗೊತ್ತಾಗಬಾರದು. ತನಗೊಬ್ಬಳಿಗೇ ಹೇಳಿದ ಗುಟ್ಟೆಂದು ಆಕೆ ಅದನ್ನು ಒಡವೆಯಂತೆ ಜೋಪಾನ ಮಾಡಿದ್ದಳು. ಹೊಲದಲ್ಲಿ ಎಳೆ ಸೌತೆಕಾಯಿ ಹರಿದು, ಹೋಳು ಮಾಡಿ, ಉಪ್ಪುಖಾರ ಸವರಿ ಆಕೆಯ ಬಾಯಿಗಿಡುತ್ತಿದ್ದವನೂ ಅವನೇ.

ಎಂಟು ದಿನದೊಳಗೆ ದೊಡವಾಡದ ತುಂಬ ಸುದ್ದಿಯಾಯಿತು: ಸೊಸೆ ತವರಿನಲ್ಲಿ ಯಾರದೋ ಮನೆಯಲ್ಲಿ ಹಂದಿ ತಿಂದು ಬಂದಿದ್ದಾಳೆ. ಮುರಗೋಡದಿಂದ ಅವಳ ಅಪ್ಪ ಗಂಗಪ್ಪನನ್ನು ಕರೆಸಿ ಹಿರಿಯರನ್ನು ಕೂಡಿಸಿದರು. ಗಂಗಪ್ಪ ರುಮಾಲು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿ ಕುಳಿತ. ಗಂಡನೇ ಹೇಳಿಯಾನೆಂದು ಪದ್ಮವ್ವ ಬಹಳ ಹೊತ್ತು ಕಾದಳು. ಕೊನೆಗೆ ಬಾಗಿಲ ಮರೆಯಿಂದ ಈಚೆ ಬಂದಳು.

"ನಾ ತಿಂದಿಲ್ಲರಿ. ತಿಂದಾವ್ರು ಇವರ. ನನ್ನ ಮುಂದ ತಾವ ಹೇಳ್ಯಾರ, ಕೇಳ್ರಿ."

ವಿರೂಪಾಕ್ಷ ಅವ್ವನ ಕಡೆ ಒಮ್ಮೆ ನೋಡಿ, ಕೊರಳಲ್ಲಿದ್ದ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದ.

"ಇದರ ಆಣಿ. ನಾ ಮುಟ್ಟಿಲ್ಲ."

ಲಿಂಗದ ಆಣೆಯಾದ ಮೇಲೆ ಹಿರಿಯರು ಚಪ್ಪಲಿ ಮೆಟ್ಟಿ ಹೊರಟರು. ಗಂಗಪ್ಪ ಎದ್ದು ಮಗಳ ಟ್ರಂಕು ಹೊತ್ತ.

ತವರಿನಲ್ಲಿ ಪದ್ಮವ್ವ ಎರಡು ವರ್ಷ ತಪ್ಪದೆ ಗುಳಿಗೆ ನುಂಗಿದಳು. ಫಿಟ್ಸು ನಿಂತವು. ಚುಕ್ಕೆ ಒಣಗಿದ್ದನ್ನು ತೋರಿಸುವ ಹೊಸ ಫಿಲ್ಮನ್ನು ಗಂಗಪ್ಪ ದೊಡವಾಡಕ್ಕೆ ಒಯ್ದಾಗ ಬೀಗರ ಮನೆ ಮುಂದೆ ಮದುವೆಯ ಹಂದರ ಹಾಕುತ್ತಿದ್ದರು. ಅವನು ದೂರದಿಂದಲೇ ನೋಡಿ ತಿರುಗಿ ಬಂದ.

ತಿಂಗಳಾದ ಮೇಲೆ ಪದ್ಮವ್ವ ಒಬ್ಬಳೇ ದೊಡವಾಡದ ಬಸ್ಸು ಹತ್ತಿದಳು. ಡಾಕ್ಟರ ಹತ್ತಿರ ಕೇಳಿ ತಂದ ಗುಳಿಗೆಯ ಪೊಟ್ಟಣ ಕೈಯಲ್ಲಿತ್ತು. ವಿರೂಪಾಕ್ಷನ ಹೊಸ ಹೆಂಡತಿ ಸಾವಿತ್ರೆವ್ವ ಊರ ನಳದ ಹತ್ತಿರ ಸಿಕ್ಕಳು. ಇನ್ನೂ ಇಪ್ಪತ್ತು ತುಂಬದ ಹುಡುಗಿ, ಕೈಯ ಹಸಿರು ಬಳೆ ಒಂದೂ ಒಡೆದಿರಲಿಲ್ಲ.

"ನಾ ಜಗಳಕ್ಕ ಬಂದಿಲ್ಲ ತಂಗಿ. ಈ ಗುಳಗಿ ಅವರಿಗೆ ನುಂಗಸು. ಅಲ್ಲೀ ಮಟಾ ಅವರು ಹೆಚ್ಚಿ ಕೊಟ್ಟದ್ದು ಏನೂ ತಿನಬ್ಯಾಡ."

ಸಾವಿತ್ರೆವ್ವ ಪೊಟ್ಟಣವನ್ನು ಮಾಟದ ನಿಂಬೆಹಣ್ಣು ನೋಡಿದಂತೆ ನೋಡಿದಳು. ಕೈ ಚಾಚಲಿಲ್ಲ. ಪದ್ಮವ್ವ ಅದನ್ನು ನಳದ ಕಟ್ಟೆಯ ಮೇಲಿಟ್ಟಳು. ಹುಡುಗಿ ಅರ್ಧ ತುಂಬಿದ ಕೊಡವನ್ನೇ ಸೊಂಟಕ್ಕೇರಿಸಿ ಅವಸರದಿಂದ ಹೊರಟಳು, ತಿರುಗಿ ನೋಡಲಿಲ್ಲ. ಸರಿಯಾಗಿ ಮುಚ್ಚದ ನಳದಿಂದ ನೀರು ಒಂದೊಂದೇ ಹನಿ ಪೊಟ್ಟಣದ ಕಾಗದದ ಮೇಲೆ ಬೀಳುತ್ತಿತ್ತು. ಡಾಕ್ಟರು ಬರೆದ ನೀಲಿ ಅಕ್ಷರ ಮೆಲ್ಲಗೆ ಹರಡತೊಡಗಿತು.